ಹಾಲ್ ಕಟ್ಟಿದ್ದು ಸಾಕು, ಬೀಗದ ಕೈ ಕೊಡಿ

“ಎಷ್ಟು ಮಾಡಿಕೊಟ್ಟರೂ ಅಷ್ಟೇ ಮಾರಾಯ್ರೇ, ಆ ಕಾಲನಿಯವರಿಗೆ ಉಳಿಸಿಕೊಳ್ಳಲಿಕ್ಕೆ ಗೊತ್ತಿಲ್ಲ.” ಕಾಸರಗೋಡು ಜಿಲ್ಲೆಯಲ್ಲಿ ಈ ಮಾತನ್ನು ಕೇಳದೆ ಬೆಳೆದವರು ಕಡಿಮೆ. ಹೋಟೆಲಿನ ಬೆಂಚಿನಲ್ಲಿ ಕೇಳುತ್ತದೆ, ಪಂಚಾಯತ್ ಕಚೇರಿಯ ವರಾಂಡದಲ್ಲಿ ಕೇಳುತ್ತದೆ, ಮದುವೆಯೂಟದ ಪಂಕ್ತಿಯಲ್ಲೂ ಕೇಳುತ್ತದೆ. ಪಕ್ಷಭೇದವಿಲ್ಲ, ಬೇರೆಲ್ಲದಕ್ಕೂ ಜಗಳಾಡುವವರು ಇದೊಂದಕ್ಕೆ ತಲೆದೂಗುತ್ತಾರೆ. ಪುರಾವೆ ಕೇಳಿದರೆ ಕೈ ತೋರಿಸುವುದು ಕಾಲನಿಯ ತುದಿಯಲ್ಲಿ ಬೀಗ ಜಡಿದು ನಿಂತ ಸಮುದಾಯ ಭವನದ ಕಡೆಗೆ. ಕಿಟಕಿಯ ಗಾಜು ಒಡೆದಿದೆ, ಗೋಡೆಗೆ ಪಾಚಿ ಹಿಡಿದಿದೆ, ಒಳಗೆ ಬಾವಲಿ. ಸರಕಾರದ ಲಕ್ಷಗಟ್ಟಲೆ ಹಣ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು, ತಪ್ಪು ಅಲ್ಲಿ ವಾಸಿಸುವವರದ್ದು ಎಂದು ತೀರ್ಪು ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ.

ಈ ತೀರ್ಪಿನ ಹಿಂದೆ ವಿಚಾರಣೆಯೇ ನಡೆದಿಲ್ಲ ಎಂಬುದು ನನ್ನ ತಕರಾರು. ಭವನ ಬೇಕೆಂದು ಯಾರು ಕೇಳಿದ್ದು, ನಕ್ಷೆ ಬರೆದವರು ಯಾರು, ಬೀಗದ ಕೈ ಯಾರ ಕಿಸೆಯಲ್ಲಿದೆ, ಕರೆಂಟಿನ ಬಿಲ್ಲು ಯಾರ ಹೆಸರಿಗೆ ಬರುತ್ತದೆ ಎಂದು ಯಾರೂ ವಿಚಾರಿಸಿಲ್ಲ. ವಿಚಾರಿಸಿದರೆ ಕಟಕಟೆಯಲ್ಲಿ ಬೇರೆಯೇ ಜನ ನಿಲ್ಲಬೇಕಾಗುತ್ತದೆ.

ಮೊದಲು ಆ ಕಟ್ಟಡವನ್ನೇ ನೋಡೋಣ. ಮಂಜೇಶ್ವರದಿಂದ ಬದಿಯಡ್ಕ, ಮುಳ್ಳೇರಿಯದ ತನಕ ತಿರುಗಿದರೂ ಹೆಚ್ಚುಕಮ್ಮಿ ಒಂದೇ ನಕ್ಷೆ. ನೆಲಗಟ್ಟಿಗೆ ಮೂರು ಮೆಟ್ಟಿಲು. ಮುಂದೆ ಕಬ್ಬಿಣದ ಗ್ರಿಲ್ಲು, ಅದಕ್ಕೊಂದು ದೊಡ್ಡ ಬೀಗ. ಒಳಗೆ ಆಯತಾಕಾರದ ಒಂದೇ ಕೋಣೆ, ತುದಿಯಲ್ಲಿ ಎರಡಡಿ ಎತ್ತರದ ಸ್ಟೇಜು, ಮೂಲೆಯಲ್ಲಿ ಒಂದರ ಮೇಲೊಂದು ಪೇರಿಸಿಟ್ಟ ಪ್ಲಾಸ್ಟಿಕ್ ಕುರ್ಚಿ. ನೆಲಕ್ಕೆ ಜಾರುವ ಟೈಲ್ಸ್. ಮೇಲೆ ಕಾಂಕ್ರೀಟಿನ ತಾರಸಿ. ನಾಲ್ಕು ಮಳೆಗಾಲ ಕಳೆಯುವಷ್ಟರಲ್ಲಿ ಅದು ಸೋರತೊಡಗಿ, ಇನ್ನೊಂದು ಫಂಡಿನಲ್ಲಿ ಅದರ ಮೇಲೆ ಶೀಟು. ಆಟಿಯ ಮಳೆ ಆ ಶೀಟಿಗೆ ಬಡಿಯುವಾಗ ಒಳಗೆ ಗ್ರಾಮಸಭೆ ನಡೆಸಿದವರಿಗೆ ಗೊತ್ತು: ಮೈಕಿದ್ದರೂ ಪಕ್ಕದವರ ಮಾತು ಕೇಳುವುದಿಲ್ಲ. ಏಪ್ರಿಲಿನಲ್ಲಿ ಅದೇ ಶೀಟಿನ ಕೆಳಗೆ ಮಧ್ಯಾಹ್ನ ಕುಳಿತುಕೊಳ್ಳಲಾಗದು. ಹಿಂಬದಿಯಲ್ಲಿ ಒಂದು ಶೌಚಾಲಯ; ನೀರಿನ ಟಾಂಕಿ ಇದೆ, ಟಾಂಕಿಗೆ ನೀರು ಹತ್ತಿಸುವ ಪಂಪಿಲ್ಲ. ಇಡೀ ಕಟ್ಟಡದಲ್ಲಿ ಅತ್ಯಂತ ನಿಷ್ಠೆಯಿಂದ ಮಾಡಿದ ಕೆಲಸವೆಂದರೆ ಉದ್ಘಾಟನೆಯ ಕಲ್ಲು. ಅದರಲ್ಲಿ ಎಲ್ಲರ ಹೆಸರೂ ಇದೆ, ಕಾಲನಿಯವರೊಬ್ಬರ ಹೆಸರೂ ಇಲ್ಲ.

ಇಂಥ ಕಟ್ಟಡ ವರ್ಷಕ್ಕೆ ಮೂರೋ ನಾಲ್ಕೋ ದಿನ ಬೇಕಾಗುತ್ತದೆ. ಒಂದು ಸಭೆ, ಒಂದು ಆರೋಗ್ಯ ಶಿಬಿರ, ಒಂದು ಓಣಂ. ಮಿಕ್ಕ ದಿನ ಅಲ್ಲಿ ಏನು ಮಾಡಬೇಕು ಎಂದು ನಕ್ಷೆ ಬರೆದವರು ಯೋಚಿಸಿಲ್ಲ. ಹಾಗಾದರೆ ಅದು ಖಾಲಿ ಬಿದ್ದದ್ದರಲ್ಲಿ ಆಶ್ಚರ್ಯವೇನಿದೆ?

ಕಾಲನಿಗಳು ಎಲ್ಲಿವೆ ಎಂಬುದನ್ನೂ ನೆನಪಿಸಿಕೊಳ್ಳಬೇಕು. ಕೇರಳದ ಭೂಸುಧಾರಣೆ 1970ರ ಜನವರಿ 1ರಿಂದ ಜಾರಿಗೆ ಬಂದಾಗ ಗೇಣಿದಾರರಿಗೆ ಗದ್ದೆ, ತೋಟ ಸಿಕ್ಕಿತು. ಧಣಿಯ ಜಾಗದಲ್ಲಿ ಗುಡಿಸಲು ಕಟ್ಟಿಕೊಂಡಿದ್ದ ಕುಡಿಕಿಡಪ್ಪುಕಾರರಿಗೆ ಪಂಚಾಯತ್ ಪ್ರದೇಶದಲ್ಲಿ ಹತ್ತು ಸೆಂಟ್ಸ್. ಕೂಲಿ ಮಾಡಿಕೊಂಡಿದ್ದ ದಲಿತರಿಗೆ, ಕಾಡಂಚಿನಲ್ಲಿ ಕೊಪ್ಪು ಹಾಕಿಕೊಂಡಿದ್ದ ಕೊರಗರಿಗೆ ಗೇಣಿಚೀಟಿ ಎಲ್ಲಿಂದ ಬರಬೇಕು? ಅವರ ಪಾಲಿಗೆ ಬಂದದ್ದು ಕಾಲನಿ. 1972ರಲ್ಲಿ ವಸತಿ ಸಚಿವರಾಗಿದ್ದ ಎಂ. ಎನ್. ಗೋವಿಂದನ್ ನಾಯರ್ ಲಕ್ಷಂ ವೀಡು ಯೋಜನೆ ತಂದರು. ಕಡಿಮೆ ಹಣದಲ್ಲಿ, ಊರವರ ಶ್ರಮದಾನ ಸೇರಿಸಿ, ಮಧ್ಯೆ ಒಂದೇ ಗೋಡೆ ಹಂಚಿಕೊಂಡ ಜೋಡಿಮನೆಗಳು. ಅದು ಆ ಕಾಲಕ್ಕೆ ದೊಡ್ಡ ಸಾಹಸವೇ, ಅದನ್ನು ಹೀಗಳೆಯುವ ಮನಸ್ಸು ನನಗಿಲ್ಲ. ಆದರೆ ಜಾಗ ಆರಿಸುವಾಗ ಬೈಲಿನ ಫಲವತ್ತಾದ ನೆಲ ಯಾರೂ ಕೊಡಲಿಲ್ಲ. ಸಿಕ್ಕಿದ್ದು ಪದವು: ಮುರಕಲ್ಲಿನ ಬೋಳು ಹಾಸು, ಮೇಲೆ ಮುಳಿಹುಲ್ಲು, ಬಾವಿ ತೋಡಿದರೆ ಕಲ್ಲು, ಮಾರ್ಚ್ ಬಂತೆಂದರೆ ನೀರಿಲ್ಲ. ಆ ಪದವಿನ ಮೇಲೆಯೇ ಮನೆ, ಅದರ ಮೇಲೆಯೇ ನಾಲ್ಕು ದಶಕದ ಬಳಿಕ ಭವನ.

2016ರ ಬಳಿಕ ಲೈಫ್ ಮಿಷನ್ ಬಂದಿತು. ಹಳೆಯ ಮನೆ ಹೋಗಿ ಸುಮಾರು 400 ಚದರಡಿಯ ಹೊಸ ಮನೆಗಳು ಬಂದವು. ಒಳ್ಳೆಯದೇ. ಆದರೆ 400 ಚದರಡಿಯೊಳಗೆ ಅಜ್ಜಿ, ಮಗ, ಸೊಸೆ, ಮೂರು ಮಕ್ಕಳು, ಪಾತ್ರೆ, ಹಾಸಿಗೆ, ಪುಸ್ತಕ ಎಲ್ಲ ಇರಬೇಕು. ಮನೆ ಇಷ್ಟು ಚಿಕ್ಕದಾದಾಗ ಮನೆಯ ಹೊರಗೆ ಇನ್ನೊಂದು ಜಾಗ ಬೇಕಾಗುತ್ತದೆ. ಮಗು ಪರೀಕ್ಷೆಗೆ ಓದಲು, ಹೆಂಗಸರು ಕೆಲಸ ಮಾಡುತ್ತಾ ಕೂರಲು, ಕುಡಿದು ಬಂದವನಿಂದ ಎರಡು ಗಂಟೆ ತಪ್ಪಿಸಿಕೊಳ್ಳಲು. ಸಮುದಾಯ ಭವನದ ನಿಜವಾದ ಅಗತ್ಯ ಇಲ್ಲಿದೆ. ಅದು ಮನೆಯ ಮುಂದುವರಿದ ಭಾಗವಾಗಬೇಕಿತ್ತು. ನಾವು ಕಟ್ಟಿದ್ದು ಸಣ್ಣದೊಂದು ಟೌನ್ ಹಾಲ್.

ಕೆಲಸದ ಮಧ್ಯೆ ಹುಟ್ಟಿದ ಕೂಡುತಾಣ ಹೇಗಿರುತ್ತದೆ ಎಂದು ತಿಳಿಯಲು ದೂರ ಹೋಗಬೇಕಾಗಿಲ್ಲ. 1966ರ ಬೀಡಿ ಕಾರ್ಮಿಕರ ಕಾಯಿದೆಯನ್ನು ಕೇರಳ ಸರಕಾರ ಜಾರಿ ಮಾಡಲು ಹೊರಟಾಗ ಮಂಗಳೂರಿನ ಬೀಡಿ ಧಣಿಗಳು ಕಣ್ಣೂರು, ಕಾಸರಗೋಡು ಕಡೆಯ ಶಾಖೆಗಳನ್ನು ಮುಚ್ಚಿದರು. ಸಾವಿರಾರು ಮಂದಿ ಬೀದಿಗೆ ಬಿದ್ದರು. ಅವರೇ ಸೇರಿ 1969ರಲ್ಲಿ ದಿನೇಶ್ ಬೀಡಿ ಸಹಕಾರ ಸಂಘ ಕಟ್ಟಿದರು. ಬೀಡಿ ಕಟ್ಟುವ ಶೆಡ್ಡುಗಳಲ್ಲಿ ಒಬ್ಬ ಗಟ್ಟಿಯಾಗಿ ಪತ್ರಿಕೆ, ಕಾದಂಬರಿ ಓದುತ್ತಿದ್ದ. ಉಳಿದವರು ಎಲೆ ಕತ್ತರಿಸುತ್ತಾ ಕೇಳುತ್ತಿದ್ದರು, ಓದುವವನ ಆ ದಿನದ ಬೀಡಿಯನ್ನು ತಾವೇ ಕಟ್ಟಿ ಸರಿದೂಗಿಸುತ್ತಿದ್ದರು. ಆ ಶೆಡ್ಡಿಗೆ ಸ್ಟೇಜಿರಲಿಲ್ಲ. ಇಂದಿಗೂ ಮಂಜೇಶ್ವರ, ಕುಂಬಳೆ ಕಡೆಯ ಕಾಲನಿಗಳಲ್ಲಿ ಬೀಡಿ ಕಟ್ಟುವ ಹೆಂಗಸರು ಸೂಪು ತೊಡೆಯ ಮೇಲಿಟ್ಟುಕೊಂಡು ಯಾರದಾದರೂ ಜಗಲಿಯಲ್ಲಿ ಗುಂಪಾಗಿ ಕುಳಿತುಕೊಳ್ಳುವುದುಂಟು. ಮಾತು, ನಗು, ಮಕ್ಕಳ ಜಗಳ, ಸಂಘದ ಲೆಕ್ಕ ಎಲ್ಲ ಅಲ್ಲೇ. ಇಪ್ಪತ್ತು ಹೆಜ್ಜೆ ಆಚೆ ಭವನ ಬೀಗ ಹಾಕಿಕೊಂಡಿರುತ್ತದೆ. “ಅವರಿಗೆ ಸಮುದಾಯ ಭಾವನೆ ಇಲ್ಲ” ಎಂದು ಭಾಷಣ ಮಾಡುವವರು ಆ ಜಗಲಿಯನ್ನು ನೋಡಿಲ್ಲ.

ಕೊರಗರ ವಿಷಯಕ್ಕೆ ಬಂದರೆ ಈ ಕುರುಡು ಇನ್ನೂ ಗಾಢ. ಕೇರಳದಲ್ಲಿ ಕೊರಗರು ಇರುವುದು ಕಾಸರಗೋಡು ಜಿಲ್ಲೆಯಲ್ಲಿ ಮಾತ್ರ. 2011ರ ಜನಗಣತಿಯಲ್ಲಿ ಸುಮಾರು 1,600 ಮಂದಿ. ಅತಿ ಹಿಂದುಳಿದ ಬುಡಕಟ್ಟು ಎಂದು ಕೇಂದ್ರ ಸರಕಾರವೇ ವಿಶೇಷ ಪಟ್ಟಿಯಲ್ಲಿ ಸೇರಿಸಿದೆ. ಬುಟ್ಟಿ ಹೆಣೆಯುವುದು ಅವರ ಕುಲಕಸುಬು. ಕಾಡಿನಿಂದ ತಂದ ಬಳ್ಳಿಯನ್ನು ನೆನೆಹಾಕಬೇಕು, ಸೀಳಬೇಕು, ಹೆರೆಯಬೇಕು. ಅದಕ್ಕೆ ನೆರಳು ಬೇಕು, ನೀರಿನ ತೊಟ್ಟಿ ಬೇಕು, ಕತ್ತಿಯೇಟು ತಡೆಯುವ ಗಟ್ಟಿ ಮಣ್ಣಿನ ನೆಲ ಬೇಕು, ಉದ್ದ ಬಳ್ಳಿ ಎಳೆದಾಡಲು ಜಾಗ ಬೇಕು. ಮಿರುಗುವ ಟೈಲ್ಸಿನ ಮೇಲೆ ಬಿದಿರು ಸೀಳಿದರೆ ಟೈಲ್ಸ್ ಒಡೆಯುತ್ತದೆ, ಆಗ “ನೋಡಿ, ಹಾಳು ಮಾಡಿದರು” ಎಂಬ ಮಾತು ಸಿದ್ಧವಾಗಿಯೇ ಇದೆ. ಕಳೆದುಹೋದ ವಸ್ತು ಸಿಗಲಿ ಎಂದು ಕೊರಗಜ್ಜನಿಗೆ ಚಕ್ಕುಲಿ, ವೀಳ್ಯ, ಶೇಂದಿ ಹರಕೆ ಹೇಳಿಕೊಳ್ಳುವ ನಾವು, ಕೊರಗರ ಕಾಲನಿಯ ಭವನದ ಬೀಗದ ಕೈ ಎಲ್ಲಿ ಕಳೆದಿದೆ ಎಂದು ಮಾತ್ರ ವಿಚಾರಿಸುವುದಿಲ್ಲ.

ಈಗ ಎಲ್ಲ ಯೋಜನಾ ಕಡತಗಳಲ್ಲೂ ಎರಡು ಪದ ಕಡ್ಡಾಯ: ‘ಎಲ್ಲರನ್ನೂ ಒಳಗೊಳ್ಳುವ’ ಮತ್ತು ‘ಸುಸ್ಥಿರ’. ಮೊದಲನೆಯದಕ್ಕೆ ಒಂದು ರ‍್ಯಾಂಪು, ಎರಡನೆಯದಕ್ಕೆ ಒಂದು ಸೋಲಾರ್ ಹಲಗೆ. ಅಷ್ಟಾದರೆ ಪದಗಳ ಋಣ ತೀರಿತು.

ರ‍್ಯಾಂಪಿನ ಲೆಕ್ಕ ನೋಡಿ. ಗಾಲಿಕುರ್ಚಿಯವರು ತಾವಾಗಿಯೇ ಏರಬೇಕಾದರೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು ಎಂಬುದು ಸರಕಾರದ್ದೇ ಮಾನದಂಡ. ಮೂರು ಮೆಟ್ಟಿಲಿನ ನೆಲಗಟ್ಟು ಸುಮಾರು ಒಂದೂವರೆ ಅಡಿ. ಅಂದರೆ ಹದಿನೆಂಟು ಅಡಿ ರ‍್ಯಾಂಪು. ನಮ್ಮ ಭವನಗಳ ಮುಂದೆ ಇರುವುದು ಐದಡಿ, ಹೆಚ್ಚೆಂದರೆ ಆರಡಿ. ಅದರಲ್ಲಿ ಗಾಲಿಕುರ್ಚಿ ತಳ್ಳಲು ಇಬ್ಬರು ಗಟ್ಟಿಯಾಳು ಬೇಕು, ಇಳಿಸುವಾಗ ದೇವರೇ ಗತಿ. ಮಳೆಗಾಲದಲ್ಲಿ ಪಾಚಿ ಹಿಡಿದರೆ ಕಾಲಿದ್ದವರೂ ಜಾರುತ್ತಾರೆ. ಎಂಜಿನಿಯರರಿಗೆ ಇದು ಗೊತ್ತಿಲ್ಲವೆಂದಲ್ಲ. ಎಸ್ಟಿಮೇಟಿನಲ್ಲಿ ‘ರ‍್ಯಾಂಪು, 1’ ಎಂದು ಒಂದು ಸಾಲು ಬಂದರೆ ಆಯಿತು, ಅದನ್ನು ಏರುವವರು ಯಾರು ಎಂಬ ಕಾಲಂ ಅಲ್ಲಿಲ್ಲ.

ಬೇರೆ ಜಿಲ್ಲೆಯಲ್ಲಿ ಈ ಉದಾಸೀನವನ್ನು ಅಜ್ಞಾನ ಎಂದು ಬಿಟ್ಟುಬಿಡಬಹುದಿತ್ತು. ಕಾಸರಗೋಡಿನಲ್ಲಿ ಆಗದು. ಇಲ್ಲಿ ತೋಟಗಾರಿಕಾ ನಿಗಮದ ಗೇರುತೋಪುಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ್ದಾರೆ. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಕಾರಡ್ಕ, ಮುಳಿಯಾರು ಸೇರಿ ಹನ್ನೊಂದು ಪಂಚಾಯತುಗಳಲ್ಲಿ ನಡೆಯಲಾರದ, ಮಾತಾಡಲಾರದ, ಒಬ್ಬರೇ ಇರಲಾರದ ಮಕ್ಕಳು ಹುಟ್ಟಿದರು. ಅವರೀಗ ದೊಡ್ಡವರಾಗಿದ್ದಾರೆ, ಅವರನ್ನು ಎತ್ತುತ್ತಿದ್ದ ತಾಯಂದಿರಿಗೆ ವಯಸ್ಸಾಗಿದೆ. ಸುಪ್ರೀಂ ಕೋರ್ಟು 2017ರ ಜನವರಿಯಲ್ಲಿ ಮೂರು ತಿಂಗಳೊಳಗೆ ಐದು ಲಕ್ಷ ಪರಿಹಾರ ಕೊಡಿ ಎಂದಿತು. 2022ರಲ್ಲಿ ಅದೇ ಕೋರ್ಟು ಮತ್ತೆ ಗದರಬೇಕಾಯಿತು. 3,704 ಸಂತ್ರಸ್ತರಲ್ಲಿ ಅಷ್ಟರವರೆಗೆ ಹಣ ಸಿಕ್ಕಿದ್ದು ಕೋರ್ಟು ಹತ್ತಿದ ಎಂಟು ಮಂದಿಗೆ. ಇಂಥ ಮಕ್ಕಳಿಗೆಂದೇ ಬಡ್ಸ್ ಶಾಲೆಗಳು ಬಂದಿವೆ, ಅಲ್ಲಿ ದುಡಿಯುವ ಟೀಚರುಗಳಿಗೆ ಕೈಮುಗಿಯಬೇಕು. ಆದರೆ ಶಾಲೆಗೆ ಹೋಗಲಾರದವರು, ವಯಸ್ಸು ಮೀರಿದವರು, ವಾಹನ ಬಾರದ ಗುಡ್ಡದ ಮೇಲಿರುವವರು ಎಲ್ಲಿಗೆ ಹೋಗಬೇಕು? ಇಪ್ಪತ್ತೈದು ವರ್ಷದ ಮಗನನ್ನು ಹಾಸಿಗೆಯಿಂದ ಎತ್ತಿ ಶೌಚಕ್ಕೆ ಕರೆದೊಯ್ಯುವ ತಾಯಿಗೆ ದಿನಕ್ಕೆ ಎರಡು ಗಂಟೆ ಬಿಡುವು ಕೊಡುವ ಒಂದು ಕೋಣೆ, ನೋಡಿಕೊಳ್ಳುವ ಒಬ್ಬರು, ಮಲಗಿದವರನ್ನು ಹೊರಳಿಸುವಷ್ಟು ಅಗಲದ ಮಂಚ, ಗಾಲಿಕುರ್ಚಿ ತಿರುಗುವಷ್ಟು ದೊಡ್ಡ ಬಚ್ಚಲು. ಕಾಲನಿಯ ಭವನ ಇದಕ್ಕಾಗಿಯೇ ಹುಟ್ಟಬೇಕಿತ್ತು. ಈ ಜಿಲ್ಲೆಯಲ್ಲಿ ನಕ್ಷೆಯ ಮೊದಲ ಗೆರೆ ಆ ತಾಯಿಯಿಂದ ಶುರುವಾಗಬೇಕು, ಸ್ಟೇಜಿನಿಂದಲ್ಲ.

ಬಾಂಗ್ಲಾದೇಶದ ದಿನಾಜಪುರ ಜಿಲ್ಲೆಯ ರುದ್ರಾಪುರ ಎಂಬ ಹಳ್ಳಿಯಲ್ಲಿ ‘ಆನಂದಾಲಯ’ ಎಂಬ ಕಟ್ಟಡವಿದೆ. ಜರ್ಮನಿಯ ವಾಸ್ತುಶಿಲ್ಪಿ ಅನ್ನಾ ಹೆರಿಂಗರ್ ಊರವರ ಜೊತೆ ಸೇರಿ ಕಟ್ಟಿದ್ದು. ಮಣ್ಣಿನ ಗೋಡೆ, ಬಿದಿರು. ಕೆಳಗೆ ಅಂಗವಿಕಲರ ಚಿಕಿತ್ಸಾ ಕೇಂದ್ರ, ಮೇಲೆ ಹೆಂಗಸರ ಹೊಲಿಗೆಯ ಕೆಲಸ. ಕಟ್ಟಡದಲ್ಲಿ ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ಅದರ ರ‍್ಯಾಂಪು. ಕಟ್ಟಡವನ್ನು ಬಳಸಿಕೊಂಡು ಮೇಲಂತಸ್ತಿನವರೆಗೂ ಏರುತ್ತದೆ, ಮಕ್ಕಳು ಅದರಲ್ಲಿ ಓಡಾಡಿ ಆಡುತ್ತಾರೆ. 2020ರಲ್ಲಿ ಒಬೆಲ್ ಪ್ರಶಸ್ತಿ ಬಂತು. ಬಾಂಗ್ಲಾದ ಹಳ್ಳಿಯಲ್ಲಿ ಮಣ್ಣಿನಿಂದ ಆದದ್ದು ಕಾಸರಗೋಡಿನ ಮುರಕಲ್ಲಿನಿಂದ ಏಕಾಗದು ಎಂದು ಯಾರಾದರೂ ನನಗೆ ಹೇಳಲಿ.

ಒಳಗೊಳ್ಳುವುದೆಂದರೆ ಗಾಲಿಕುರ್ಚಿ ಮಾತ್ರವಲ್ಲ. ಜಿಲ್ಲೆಯ ಉತ್ತರ ಭಾಗದ ಕಾಲನಿಗಳಲ್ಲಿ ಮನೆಮಾತು ತುಳು, ಕೊರಗ, ಮರಾಟಿ, ಓದಿದ್ದರೆ ಕನ್ನಡ. ಭವನದ ಗೋಡೆಗೆ ಅಂಟಿಸಿದ ಪಿಂಚಣಿಯ ಸೂಚನೆ, ಮನೆಯ ಅರ್ಜಿ, ಆರೋಗ್ಯ ಕಾರ್ಡಿನ ವಿವರ ಎಲ್ಲ ಮಲಯಾಳದಲ್ಲಿ. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರು ತಮ್ಮ ಭಾಷೆಯಲ್ಲೇ ಸರಕಾರದೊಡನೆ ವ್ಯವಹರಿಸಬಹುದು ಎಂದು ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯೇ ಹೇಳುತ್ತದೆ. ನಮ್ಮ ಕನ್ನಡ ಸಂಘಟನೆಗಳು ಈ ಹಕ್ಕಿಗಾಗಿ ಶಾಲೆ, ಪಿಎಸ್‌ಸಿ, ಕಚೇರಿಗಳ ಮುಂದೆ ಧರಣಿ ಕೂತಿವೆ, ಸರಿಯೇ. ಕಾಲನಿಯ ಭವನದ ಮುಂದೆ ಕೂತದ್ದು ನನಗೆ ನೆನಪಿಲ್ಲ. ಕನ್ನಡದ ಹೋರಾಟಕ್ಕೂ ಕಾಲನಿಗೆ ಹೋಗುವ ದಾರಿ ಸ್ವಲ್ಪ ದೂರವೇ.

ಇನ್ನು ಸುಸ್ಥಿರತೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ಇದು. ನೂರು ಚದರ ಮೀಟರಿನ ಒಂದು ಮಾಡಿನ ಮೇಲೆ ಒಂದು ವರ್ಷದಲ್ಲಿ ಬೀಳುವ ನೀರು ಮೂರೂವರೆ ಲಕ್ಷ ಲೀಟರ್. ಐದರಲ್ಲೊಂದು ಪಾಲು ಪೋಲಾದರೂ 2,80,000 ಲೀಟರ್ ಕೈಗೆ ಬರುತ್ತದೆ. ನೂರು ಜನರಿರುವ ಕಾಲನಿಯಲ್ಲಿ ಕುಡಿಯಲು, ಅಡುಗೆಗೆ ತಲೆಗೆ ದಿನಕ್ಕೆ 20 ಲೀಟರಿನಂತೆ ನೂರು ಬೇಸಿಗೆ ದಿನಗಳಿಗೆ ಬೇಕಾದದ್ದು ಎರಡು ಲಕ್ಷ ಲೀಟರ್. ಅಷ್ಟನ್ನೂ ಟಾಂಕಿಯಲ್ಲಿ ಹಿಡಿದಿಡುವುದು ದುಬಾರಿ, ಒಪ್ಪುತ್ತೇನೆ. ಅರ್ಧ ಲಕ್ಷ ಲೀಟರಿನ ಒಂದು ಫೆರೊಸಿಮೆಂಟ್ ಟಾಂಕಿ ಮಾಡಿ, ಉಳಿದದ್ದನ್ನು ಸೋಸಿ ಕಾಲನಿಯ ಬಾವಿಗೆ ಇಳಿಸಿದರೂ ಏಪ್ರಿಲಿನ ಬಣ್ಣ ಬೇರೆಯಾಗುತ್ತದೆ. ಈಗ ಆ ನೀರು ಎಲ್ಲಿಗೆ ಹೋಗುತ್ತದೆ? ಶೀಟಿನಿಂದ ಧಾರೆಯಾಗಿ ಬಿದ್ದು, ನೆಲಗಟ್ಟಿನ ಬುಡ ಕೊರೆದು, ಗುಡ್ಡ ಇಳಿದು ಹೋಗುತ್ತದೆ. ಬೇಸಿಗೆಯಲ್ಲಿ ಅದೇ ಕಾಲನಿಗೆ ಪಂಚಾಯತ್ ಲಾರಿಯಲ್ಲಿ ನೀರು ಹೊರುತ್ತದೆ.

ಇದು ಯಾರೋ ಹೊರಗಿನವರು ಬಂದು ಕಲಿಸಬೇಕಾದ ವಿದ್ಯೆಯಲ್ಲ. ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಸುರಂಗ ಕೊರೆದು, ಪಂಪಿಲ್ಲದೆ ಕರೆಂಟಿಲ್ಲದೆ ಅಂಗಳಕ್ಕೆ ನೀರು ಹರಿಸಿದ ನಾಡು ಇದು. ಬಾಯಾರು, ಪೆರ್ಲ ಕಡೆ ಇಂದಿಗೂ ಸುರಂಗದ ನೀರು ಕುಡಿಯುವ ಮನೆಗಳಿವೆ. ಏತಡ್ಕದ ತೋಡುಗಳಲ್ಲಿ ಕೃಷಿಕರು ಕಟ್ಟ ಕಟ್ಟಿ ನೀರು ನಿಲ್ಲಿಸುತ್ತಾರೆ. ಆ ಸುರಂಗಗಳನ್ನು ಕೊರೆದ ಕೈಗಳು ಬಹುಪಾಲು ಕೂಲಿಗಳದ್ದೇ. ನೀರು ಧಣಿಯ ತೋಟಕ್ಕೆ ಹೋಯಿತು, ಕೊರೆದವರ ಮೊಮ್ಮಕ್ಕಳು ಪದವಿನಲ್ಲಿ ಕೊಡ ಹಿಡಿದು ಲಾರಿ ಕಾಯುತ್ತಾರೆ. ಅವರ ಭವನಕ್ಕೆ ಸುಸ್ಥಿರತೆ ಕಲಿಸಲು ಕನ್ಸಲ್ಟೆಂಟ್ ಬರುತ್ತಾನೆ.

ಮುರಕಲ್ಲು, ಹಂಚಿನ ಮಾಡು, ಅಗಲವಾದ ಜಗಲಿ, ಎರಚಲು ಹೊಡೆಯದಷ್ಟು ಮುಂದಕ್ಕೆ ಚಾಚಿದ ಇಳಿಮಾಡು. ಲಾರಿ ಬೇಕರ್ ಕೇರಳದಲ್ಲಿ ಜೀವಮಾನವಿಡೀ ಹೇಳಿದ್ದು ಇದನ್ನೇ: ಕಾಲ್ನಡಿಗೆಯ ದೂರದಲ್ಲಿ ಸಿಗುವುದರಿಂದ ಕಟ್ಟಿ, ಇರುವವರನ್ನು ಕೇಳಿ ಕಟ್ಟಿ. ಅವರ ಚಿಂತನೆಯಿಂದ ಸ್ಫೂರ್ತಿ ಪಡೆದೇ ನಿರ್ಮಿತಿ ಕೇಂದ್ರಗಳು ಹುಟ್ಟಿದವು. ಇಂದು ಎಷ್ಟೋ ಸರಕಾರಿ ಕಟ್ಟಡಗಳನ್ನು ಅವೇ ಕಟ್ಟುತ್ತವೆ, ಕಾಂಕ್ರೀಟಿನಲ್ಲಿ. ಹಾಗೆಂದು ಮುರಕಲ್ಲು ಎಂದ ಕೂಡಲೇ ಎಲ್ಲ ಹಸಿರು ಎಂಬ ಭ್ರಮೆಯೂ ಬೇಡ. ಪಣೆಯ ಯಂತ್ರಗಳು ಪದವುಗಳನ್ನು ಬಗೆದು, ಮಳೆಗಾಲದ ಪಳ್ಳಗಳನ್ನು ನುಂಗಿ ಹಾಕಿರುವುದನ್ನು ಕಂಡಿದ್ದೇವೆ. ಅತಿ ದೊಡ್ಡ ಉಳಿತಾಯ ಕಡಿಮೆ ಕಟ್ಟುವುದರಲ್ಲಿದೆ.

ಕಡಿಮೆ ಕಟ್ಟುವುದೆಂದಾಗ ಫ್ರಾನ್ಸಿನ ಬೋರ್ಡೋ ನಗರದ ಒಂದು ಪ್ರಸಂಗ ನೆನಪಾಗುತ್ತದೆ. 1996ರಲ್ಲಿ ಅಲ್ಲಿನ ಕಾರ್ಮಿಕ ವಸತಿಯ ನಡುವಿನ ಸಣ್ಣ ಚೌಕವೊಂದನ್ನು ಚೆಂದ ಮಾಡಿಕೊಡಿ ಎಂದು ಲಕಾಟನ್, ವಸಾಲ್ ಎಂಬ ವಾಸ್ತುಶಿಲ್ಪಿಗಳಿಗೆ ನಗರಸಭೆ ವಹಿಸಿತು. ಅವರು ಹೋಗಿ ಕುಳಿತರು, ನೋಡಿದರು, ಜನರ ಹತ್ತಿರ ಮಾತಾಡಿದರು. ಮರಗಳಿವೆ, ಬೆಂಚಿದೆ, ಮಕ್ಕಳು ಆಡುತ್ತಾರೆ, ಜನರಿಗೆ ಇಷ್ಟವಿದೆ. ಏನೂ ಕಟ್ಟಬೇಡಿ, ಜಲ್ಲಿ ಬದಲಿಸಿ, ಮರ ಸವರಿ, ಆಗಾಗ ಗುಡಿಸಿ ಎಂದು ವರದಿ ಕೊಟ್ಟರು. 2021ರಲ್ಲಿ ಅವರಿಗೆ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು. ನಮ್ಮಲ್ಲಾದರೆ ಓವರ್‌ಸಿಯರರಿಗೆ ಕೆಲಸದ ಅಳತೆಯ ಎಂ-ಬುಕ್ಕಿನಲ್ಲಿ ಬರೆಯಲು ಏನೂ ಇರುತ್ತಿರಲಿಲ್ಲ, ಮಾರ್ಚ್ ಮೂವತ್ತೊಂದಕ್ಕೆ ಫಂಡು ಹಿಂದೆ ಹೋಗುತ್ತಿತ್ತು.

ಅಸಲು ರೋಗ ಇರುವುದು ಇಲ್ಲಿ. ಕಟ್ಟಲು ಹಣವಿದೆ, ನಡೆಸಲು ಹಣವಿಲ್ಲ. ಅಂಬೇಡ್ಕರ್ ಹೆಸರಿನ ಕಾಲನಿ ಅಭಿವೃದ್ಧಿ ಯೋಜನೆಯಲ್ಲಿ ಒಂದೊಂದು ಕಾಲನಿಗೆ ಒಂದು ಕೋಟಿ ರೂಪಾಯಿವರೆಗೆ ಬರುತ್ತದೆ. ಶಾಸಕರ ನಿಧಿ ಇದೆ, ಸಂಸದರ ನಿಧಿ ಇದೆ. ಇವೆಲ್ಲ ಕಲ್ಲು, ಸಿಮೆಂಟಿಗೆ ಮಾತ್ರ. ಬಾಗಿಲು ತೆಗೆದು ಗುಡಿಸುವವರಿಗೆ ಸಂಬಳ, ಬಲ್ಬು, ನೀರಿನ ಬಿಲ್ಲು ಇವು ಯಾವ ನಿಧಿಯಲ್ಲೂ ಇಲ್ಲ. ಪಂಚಾಯತಿಗೆ ದುರಸ್ತಿಗೆಂದು ಅನುದಾನ ಬರುತ್ತದಲ್ಲ ಎನ್ನುತ್ತೀರಿ. ಬರುತ್ತದೆ, ಪಂಚಾಯತಿನ ಆಸ್ತಿ ವಹಿಯಲ್ಲಿ ನಮೂದಾದ ಕಟ್ಟಡಕ್ಕೆ. ಇಲಾಖೆಯೊಂದು ಏಜೆನ್ಸಿಯ ಮೂಲಕ ಕಟ್ಟಿಸಿ, ಉದ್ಘಾಟಿಸಿ, ಹಸ್ತಾಂತರದ ಕಾಗದ ಮಾಡದೆ ಬಿಟ್ಟುಹೋದ ಭವನ ಯಾರ ವಹಿಯಲ್ಲೂ ಇರುವುದಿಲ್ಲ. ಇಲಾಖೆಗೆ ಅದು ಮುಗಿದ ಕೆಲಸ, ಪಂಚಾಯತಿಗೆ ಅದು ಅನ್ಯರ ಕಟ್ಟಡ. ತಂದೆಯೂ ಇಲ್ಲದ ತಾಯಿಯೂ ಇಲ್ಲದ ಕಟ್ಟಡದ ಕಿಟಕಿ ಗಾಜು ಒಡೆದರೆ ಬೈಗುಳ ಮಾತ್ರ ಕಾಲನಿಯವರಿಗೆ.

ನಡೆಸಲು ಒಬ್ಬರಿದ್ದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ಸರಕಾರದ ಬಳಿಯೇ ಇದೆ. ಪರಿಶಿಷ್ಟ ವರ್ಗ ಅಭಿವೃದ್ಧಿ ಇಲಾಖೆ 2017-18ರ ಸುಮಾರಿಗೆ ಆದಿವಾಸಿ ವಸತಿಗಳಲ್ಲಿ ‘ಸಾಮೂಹ್ಯ ಪಠನಮುರಿ’ ಎಂಬ ಓದಿನ ಕೋಣೆಗಳನ್ನು ಶುರುಮಾಡಿತು. ಒಂದು ಕೋಣೆ, ಕಂಪ್ಯೂಟರ್, ಒಂದಿಷ್ಟು ಪುಸ್ತಕ, ಸಂಜೆ ತಿಂಡಿ, ಮುಖ್ಯವಾಗಿ ಅದೇ ವಸತಿಯ ಓದಿದ ಹುಡುಗನೋ ಹುಡುಗಿಯೋ ಸಂಬಳ ಪಡೆದು ಮಕ್ಕಳ ಜೊತೆ ಕೂರುವುದು. 2020ರ ಜೂನ್ 1ರಂದು ಕೊರೋನದ ನಡುವೆ ಟಿ.ವಿ. ಪಾಠ ಶುರುವಾದಾಗ ಮನೆಯಲ್ಲಿ ಟಿ.ವಿ., ಮೊಬೈಲ್ ಇಲ್ಲದ ಮಕ್ಕಳಿಗೆ ಇಂಥ ಕೋಣೆಗಳೇ ಆಸರೆ. ಅಲ್ಲಿ ದೊಡ್ಡ ಕಟ್ಟಡವಿಲ್ಲ, ಕಾಯುವ ಒಬ್ಬ ಮನುಷ್ಯನಿದ್ದಾನೆ. ಒಂದು ಭವನಕ್ಕೆ 30 ಲಕ್ಷ ಎಂದಿಟ್ಟುಕೊಳ್ಳಿ. 20 ಲಕ್ಷದಲ್ಲಿ ಚಿಕ್ಕದಾಗಿ ಕಟ್ಟಿ, 10 ಲಕ್ಷವನ್ನು ಸಹಕಾರಿ ಬ್ಯಾಂಕಿನಲ್ಲಿಟ್ಟರೆ ನೂರಕ್ಕೆ ಆರರ ಬಡ್ಡಿಯಲ್ಲಿ ತಿಂಗಳಿಗೆ 5,000 ರೂಪಾಯಿ ಬರುತ್ತದೆ. ಕಾಲನಿಯ ಒಬ್ಬ ಹೆಂಗಸಿಗೆ ಅರ್ಧ ದಿನದ ಕೆಲಸ, ಕರೆಂಟಿನ ಬಿಲ್ಲು. ಯೋಜನೆಯ ಹಣವನ್ನು ಬ್ಯಾಂಕಿನಲ್ಲಿಡಲು ನಿಯಮ ಬಿಡುವುದಿಲ್ಲ ಎನ್ನುತ್ತಾರೆ. ನಿಯಮವನ್ನು ಬದಲಿಸಿ, ಅದು ಪದವಿನ ಕಲ್ಲಿನಷ್ಟು ಹಳೆಯದೇನಲ್ಲ.

ಈಗ ಎದುರಾಳಿಗಳ ಮಾತಿಗೆ ಬರುತ್ತೇನೆ. “ಬಾಡಿಗೆಗೆ ಕೊಟ್ಟು ತಾವೇ ನಡೆಸಿಕೊಳ್ಳಲಿ, ಸ್ವಾವಲಂಬನೆ ಬೇಡವೇ?” ಎನ್ನುತ್ತಾರೆ ಬುದ್ಧಿವಂತರು. ಕಾಲನಿಯವರಿಂದ ಬಾಡಿಗೆ ವಸೂಲಿ ಮಾಡುವುದೆಂದರೆ ಅವರ ಮಗಳ ಮದುವೆಗೆ ಅವರ ಭವನಕ್ಕೇ ಅವರಿಂದ ಸುಂಕ. ಹೊರಗಿನವರು ಬಾಡಿಗೆಗೆ ಹಿಡಿಯುತ್ತಾರೆ ಎನ್ನುವುದಾದರೆ, ಒಂದೇ ಪ್ರಶ್ನೆ: ನೀವು ನಿಮ್ಮ ಮನೆಯ ಮದುವೆಯನ್ನು ಕಾಲನಿಯ ಹಾಲಿನಲ್ಲಿ ಮಾಡುತ್ತೀರಾ? ಉತ್ತರ ಗೊತ್ತಿದ್ದೇ ಲೆಕ್ಕಪತ್ರದಲ್ಲಿ ಬಾಡಿಗೆಯ ಆದಾಯ ಬರೆಯುವುದನ್ನು ನಾನು ಸ್ವಾವಲಂಬನೆ ಎನ್ನಲಾರೆ.

“ತೆರೆದಿಟ್ಟರೆ ಇಸ್ಪೀಟು, ಕುಡಿತ” ಎಂಬುದು ಇನ್ನೊಂದು. ಆಗುತ್ತದೆ. ಜನ ಬಾರದ ಯಾವ ಜಾಗದಲ್ಲೂ ಆಗುತ್ತದೆ, ಊರಿನ ಪ್ರತಿಷ್ಠಿತರ ಕ್ಲಬ್ಬುಗಳಲ್ಲಿ ಜನ ಇದ್ದೂ ಆಗುತ್ತದೆ. ಬೆಳಿಗ್ಗೆ ಬೀಡಿ ಕಟ್ಟುವವರು, ಮಧ್ಯಾಹ್ನ ಮಲಗಿದ ಮಗನ ಜೊತೆ ತಾಯಿ, ಸಂಜೆ ಓದುವ ಮಕ್ಕಳು, ರಾತ್ರಿ ಕುಟುಂಬಶ್ರೀ ಸಭೆ ಇರುವ ಕಡೆ ಇಸ್ಪೀಟಿಗೆ ಜಾಗ ಸಿಗುವುದಿಲ್ಲ. ಕಾವಲಿಗೆ ಗ್ರಿಲ್ಲಿಗಿಂತ ಹೆಂಗಸರ ಮಾತು ಗಟ್ಟಿ.

ಮೂರನೆಯ ಆಕ್ಷೇಪಕ್ಕೆ ತೂಕವಿದೆ: ಕಾಲನಿಗೆಂದೇ ಪ್ರತ್ಯೇಕ ಭವನ ಕಟ್ಟಿದರೆ ಪ್ರತ್ಯೇಕತೆಯೇ ಗಟ್ಟಿಯಾಗುವುದಿಲ್ಲವೇ? ಆಗುತ್ತದೆ. 2024ರ ಜೂನಿನಲ್ಲಿ ಸಚಿವ ಕೆ. ರಾಧಾಕೃಷ್ಣನ್ ಅಧಿಕಾರ ಬಿಡುವ ಮುನ್ನ ‘ಕಾಲನಿ’ ಎಂಬ ಹೆಸರು ತೆಗೆದು ನಗರ, ಉನ್ನತಿ, ಪ್ರಕೃತಿ ಎಂದು ಕರೆಯಲು ಆದೇಶಿಸಿದರು. ಸದುದ್ದೇಶವೇ, ಬೋರ್ಡಿಗೆ ಹೊಸ ಬಣ್ಣ ಬಳಿದಾಯಿತು, ಭವನದ ಜಾಗ ಕಾಲನಿಯ ಹಿಂಬದಿಯಲ್ಲೇ ಉಳಿಯಿತು. ಭವನವನ್ನು ರಸ್ತೆಯಂಚಿಗೆ ತನ್ನಿ. ಅದರ ಒಂದು ಬದಿಗೆ ರೇಷನ್ ಅಂಗಡಿ, ಇನ್ನೊಂದು ಬದಿಗೆ ಅಕ್ಷಯ ಕೇಂದ್ರ ಕೊಡಿ. ಊರವರೆಲ್ಲ ಅಕ್ಕಿಗೆ, ಆಧಾರಿಗೆ ಅಲ್ಲಿಗೇ ಬರಲಿ, ಬಂದು ಆ ಜಗಲಿಯಲ್ಲೇ ಸರದಿ ಕಾಯಲಿ. ಆಗ ಭವನ ಕಾಲನಿಯವರ ಕೈಯಲ್ಲಿದ್ದು ಊರಿಗೂ ಬೇಕಾದದ್ದಾಗುತ್ತದೆ. ಇದನ್ನು ಸೂಚಿಸಿ ನೋಡಿ, ಪ್ರತ್ಯೇಕತೆ ಬಗ್ಗೆ ಕಣ್ಣೀರು ಹಾಕುತ್ತಿದ್ದವರೇ ಮೊದಲು ವಿರೋಧಿಸುತ್ತಾರೆ.

ಕೇರಳ ಪಂಚಾಯತ್ ರಾಜ್ ಕಾಯಿದೆಯ ಪ್ರಕಾರ ಗ್ರಾಮಸಭೆ ಮೂರು ತಿಂಗಳಿಗೊಮ್ಮೆ ಸೇರಬೇಕು. ಆದಿವಾಸಿ ವಸತಿಗಳಿಗೆ ಊರುಕೂಟವಿದೆ. ನಿಮ್ಮ ವಾರ್ಡಿನಲ್ಲಿ ಮುಂದಿನ ಸಲ ಸೇರುವಾಗ ಹೋಗಿ. ಹೊಸ ಭವನದ ಎಸ್ಟಿಮೇಟು ಓದುತ್ತಿದ್ದಂತೆ ಎದ್ದು ನಿಂತು, ಇರುವ ಭವನ ಆಸ್ತಿ ವಹಿಯ ಎಷ್ಟನೇ ಪುಟದಲ್ಲಿದೆ ಎಂದು ಕೇಳಿ. ಬೀಗದ ಕೈ ಯಾರಲ್ಲಿದೆ ಎಂದು ಕೇಳಿ. ಇಬ್ಬರು ಕಾಲನಿಯ ಹೆಂಗಸರ ಹೆಸರಿಗೆ ಅದನ್ನು ವಹಿಸಿ, ಅವರಿಗೆ ತಿಂಗಳ ಸಂಬಳ ಗೊತ್ತುಮಾಡುವವರೆಗೆ ಹೊಸ ಕಟ್ಟಡಕ್ಕೆ ಒಂದು ರೂಪಾಯಿಯನ್ನೂ ಇಡಬಾರದು ಎಂದು ಮಿನಿಟ್ಸಿನಲ್ಲಿ ಬರೆಸಿ, ಸಹಿ ಹಾಕಿಸಿಕೊಂಡು ಬನ್ನಿ.